‘ಗಾಳಗಾರರ ಗೆಳೆಯ’ ಕೈಪಿಡಿ ಬರೆದವರಿಗೆ, ನೀರಿಗೆ ಬಿಟ್ಟ ಒಂದು ಮೀನಿನ ವಿಚಾರವಾಗಿ

ಶ್ರೀರಂಗಪಟ್ಟಣ, ಜೂನ್ 1996

‘ಗಾಳಗಾರರ ಗೆಳೆಯ: ಹಿಡಿದ ಮೀನನ್ನು ಗುರುತಿಸುವ ಸುಲಭ ವಿಧಾನ’ ಎಂಬ ಕೈಪಿಡಿ ಬರೆದು ನಮ್ಮಂಥ ಭಾನುವಾರದ ಗಾಳಗಾರರ ಅಜ್ಞಾನ ತೊಡೆದ ಮಹನೀಯರ ಸನ್ನಿಧಾನಕ್ಕೆ, ಟಪಾಲು ಗುಮಾಸ್ತ ತಮ್ಮಯ್ಯ ಕೈಮುಗಿದು ಅರಿಕೆ ಮಾಡುವುದೇನೆಂದರೆ:

ಮಾನ್ಯರೇ, ತಾವು ಕ್ಷೇಮವೆಂದೂ, ಸದ್ಯ ತಮ್ಮ ಮನೆಗೆ ಬೀಗರು ಯಾರೂ ಬರುವವರಿಲ್ಲವೆಂದೂ ನಂಬಿದ್ದೇನೆ. ನನಗೆ ಆ ಭಾಗ್ಯವಿರಲಿಲ್ಲ. ಮಗಳ ಮದುವೆಯಾದ ಮೇಲೆ ಮೊದಲ ಸಲ ಕಿಕ್ಕೇರಿಯಿಂದ ಬೀಗರಾದ ಕೆಂಪಣ್ಣನವರು ಹೆಂಡತಿ ಸಮೇತ ಊಟಕ್ಕೆ ಬರುವವರಿದ್ದರು. ನಾನೋ, ಬಾಯಿ ಸುಮ್ಮನಿರಲಾರದೆ, ಅಂಗಡಿಯ ಮಾಂಸವೇಕೆ, ಕಾವೇರಿಯಲ್ಲಿ ಕೈಯಾರೆ ಹಿಡಿದ ಮೀನಿನ ಸಾರನ್ನೇ ಬಡಿಸುತ್ತೇನೆಂದು ಕೊಚ್ಚಿಕೊಂಡುಬಿಟ್ಟಿದ್ದೆ. ಮಗಳ ತವರಿನ ಮರ್ಯಾದೆಯೆಲ್ಲ ಒಂದು ಗಾಳದ ತುದಿಯಲ್ಲಿತ್ತು.

ಭಾನುವಾರ ಬೆಳಿಗ್ಗೆಯೇ ಸೇತುವೆಯ ಕೆಳಗೆ ಗಾಳ ಹಾಕಿ ಕೂತೆ. ದೇವರು ದೊಡ್ಡವನು, ಹತ್ತು ಗಂಟೆಗೆ ಒಂದೂವರೆ ಕೆಜಿಯ ಮೀನು ಬಿತ್ತು. ಹಿಂದಿನ ಮೂಢ ತಮ್ಮಯ್ಯನಾಗಿದ್ದರೆ ನೆಟ್ಟಗೆ ಮನೆಗೆ ಒಯ್ಯುತ್ತಿದ್ದೆ. ಆದರೆ ‘ಗುರುತಿಸದ ಮೀನನ್ನು ಬುಟ್ಟಿಗೆ ಹಾಕುವವನು ಗಾಳಗಾರನೇ ಅಲ್ಲ’ ಎಂಬ ತಮ್ಮ ಮೊದಲ ಪುಟದ ವಾಕ್ಯ ಎದೆಗೆ ನಾಟಿತ್ತಾದ್ದರಿಂದ, ಅದನ್ನು ಬಕೆಟ್ಟಿನಲ್ಲಿಟ್ಟು, ತಾವು ಹೇಳಿದಂತೆ ಮೈಪಕ್ಕದ ಗೆರೆಯ ಹುರುಪೆಗಳನ್ನು ಎಣಿಸಿದೆ. ಮೊದಲ ಸಲ ಇಪ್ಪತ್ತೇಳು. ಅದು ಕೊಡವಿದ ನೀರು ಕನ್ನಡಕಕ್ಕೆ ಬಿದ್ದ ಮೇಲೆ ಮೂವತ್ತೊಂದು. ‘ಹೊಟ್ಟೆ ತಿಳಿಗುಲಾಬಿಯಾದರೆ ಹನ್ನೊಂದನೇ ಚಿತ್ರ, ತಿಳಿಹಳದಿಯಾದರೆ ಹನ್ನೆರಡನೇ ಚಿತ್ರ’ ಎಂದಿದ್ದಿರಿ. ನೋಡಿದೆ. ಕಪ್ಪುಬಿಳುಪಿನಲ್ಲಿ ಅಚ್ಚಾದ ಆ ಎರಡೂ ನನ್ನ ಸವೆದ ಚಪ್ಪಲಿಯ ಅಟ್ಟೆಯಷ್ಟೇ ಸ್ಪಷ್ಟವಾಗಿದ್ದವು. ಹನ್ನೊಂದೇ ಇರಬೇಕೆಂದು ತೀರ್ಮಾನಿಸಿದೆ. ಅದರಡಿಯಲ್ಲಿ ‘ಅತ್ಯಪರೂಪ, ಕೂಡಲೇ ನೀರಿಗೆ ಬಿಡಿ’ ಎಂದಿತ್ತು. ಬಿಟ್ಟೆ. ಅದು ತಿರುಗಿಯೂ ನೋಡಲಿಲ್ಲ.

ಮಸಾಲೆ ರುಬ್ಬಿಟ್ಟು ಕಾದಿದ್ದ ನನ್ನ ಹೆಂಡತಿ ಚಿಕ್ಕಬೋರಮ್ಮ ಮೀನಿನ ಲಕ್ಷಣಗಳನ್ನೆಲ್ಲ ಕೇಳಿ, “ಅಯ್ಯೋ, ನಿನ್ ಬುದ್ದಿಗಿಷ್ಟು ಬೆಂಕಿ ಆಕ! ಅದು ಜಿಲೇಬಿ ಮೀನು ಕಣಯ್ಯ, ಸಂತೇಲಿ ರಾಸಿ ಬಿದ್ದಿರ್ತದೆ. ಅದ್ನ ಬುಟ್ಬುಟ್ಟು ಬಂದಾ?” ಎಂದು, ತಮ್ಮ ಮೂವತ್ತಾರು ಪುಟಗಳ ಕೆಲಸವನ್ನು ಒಲೆಯ ಮುಂದೆ ಕೂತೇ ಮುಗಿಸಿದಳು.

ಬೀಗರಿಗೆ ಸೊಪ್ಪಿನ ಬಸ್ಸಾರು ಬಡಿಸಿದೆವು. ಅಪರೂಪದ ಮೀನುಗಳ ರಕ್ಷಣೆಯ ಕುರಿತು ನಾನು ಮಾಡಿದ ದೀರ್ಘ ಭಾಷಣವನ್ನು ಕೇಳಿದ ಕೆಂಪಣ್ಣನವರು “ಆಗ್ಲಿ ಬುಡಿ ಬೀಗ್ರೆ” ಎಂದಷ್ಟೇ ಹೇಳಿ ಮುದ್ದೆ ಮುರಿದರು.

ಆದ್ದರಿಂದ ಮುಂದಿನ ಮುದ್ರಣಕ್ಕೆ ಮುಂಚೆ ತಾವು ದೊಡ್ಡ ಮನಸ್ಸು ಮಾಡಿ, ಈಗ ಮತದಾರರಿಗೆಲ್ಲ ಕೊಡುತ್ತಿರುವಂಥ ಫೋಟೋ ಇರುವ ಗುರುತಿನ ಚೀಟಿಯನ್ನು ಕಾವೇರಿಯ ಮೀನುಗಳಿಗೂ ಕೊಡಿಸಬೇಕು; ನನ್ನ ಚೀಟಿಯಲ್ಲಿ ನಾನೇ ಬಾಳೆಮೀನಿನಂತೆ ಕಾಣುವುದರಿಂದ, ಅವುಗಳ ಚೀಟಿಯಲ್ಲಿ ನನ್ನ ಮುಖ ಬಂದರೂ ತಕರಾರಿಲ್ಲ. ಅದಾಗದಿದ್ದರೆ ತಾವೇ ಭಾನುವಾರ ಬೆಳಿಗ್ಗೆ ಸೇತುವೆಯ ಕೆಳಗೆ ಕುತ್ತಿಗೆಮಟ್ಟ ನೀರಿನಲ್ಲಿ ನಿಂತು, ಪ್ರತಿ ಮೀನಿನ ಕುಲಗೋತ್ರ ವಿಚಾರಿಸಿ, ಯೋಗ್ಯವಾದವನ್ನು ಮಾತ್ರ ನನ್ನ ಗಾಳದ ಕಡೆ ಕಳಿಸಿಕೊಡಬೇಕು. ಚಿಕ್ಕಬೋರಮ್ಮನನ್ನು ಪರಿಷ್ಕರಣ ಸಮಿತಿಗೆ ಸೇರಿಸಿಕೊಂಡರೂ ಸಂತೋಷ. ಅವಳಿಗೆ ಓದು ಬಾರದು. ತಮ್ಮ ಪುಸ್ತಕದಿಂದ ಕೆಡುವ ಭಯವಿಲ್ಲ.

ತಮ್ಮ ಮಾತು ಕೇಳಿ ಮೀನು ಬಿಟ್ಟ,
ತಮ್ಮ ವಿಶ್ವಾಸಿ
ತಮ್ಮಯ್ಯ

ವಿ.ಸೂ.: ಮೊನ್ನೆ ಬೀಗರು ನಮ್ಮನ್ನು ಕಿಕ್ಕೇರಿಗೆ ಊಟಕ್ಕೆ ಕರೆದಿದ್ದರು. ನಾಟಿಕೋಳಿಯ ಆಸೆಯಲ್ಲಿ ಕೂತ ನಮಗೂ ಸೊಪ್ಪಿನ ಬಸ್ಸಾರೇ ಬಂತು. “ಕೋಳಿ ಇಡ್ದಿದ್ದೊ ಬೀಗ್ರೆ, ಯಾಕೋ ಅಪರೂಪದ್ದು ಅನ್ನುಸ್ತು, ಬುಟ್ಬುಟ್ಟೊ” ಎಂದರು ಕೆಂಪಣ್ಣನವರು. ತಾವು ಕೋಳಿಗಳ ಬಗ್ಗೆಯೂ ಕೈಪಿಡಿ ಬರೆದಿದ್ದೀರಾ?