ಮುಟ್ಟದ ಮದ್ಯ ಬಿಟ್ಟ ವೃತ್ತಾಂತ

1998ನೇ ಇಸವಿಯ ಚಂಪಾಷಷ್ಠಿಯ ದಿನ ಬೆಳಿಗ್ಗೆ ಹತ್ತೂವರೆ ಗಂಟೆಗೆ, ಜೇಜುರಿಯ ಖಂಡೋಬನ ಸನ್ನಿಧಿಯಲ್ಲಿ, ಹುಟ್ಟಿದಾಗಿನಿಂದ ಒಂದು ಹನಿಯನ್ನೂ ಮುಟ್ಟದ ನಾನು ಮದ್ಯಪಾನವನ್ನು ಶಾಶ್ವತವಾಗಿ ತ್ಯಜಿಸಿದೆನು. ಇದು ದಾಖಲೆಯಲ್ಲಿದೆ. ದಾಖಲೆಯಲ್ಲಿ ಇದ್ದಮೇಲೆ ನಿಜವೇ ಇರಬೇಕು.

ನನ್ನ ಹೆಸರು ಮಾಂತು. ಇಂಡಿ ತಾಲ್ಲೂಕಿನವನು. ನಮ್ಮೂರಿನಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ. ಭಾಷಣ ಸ್ಪರ್ಧೆಯಲ್ಲಿ ತಾಲ್ಲೂಕಿಗೇ ಪ್ರಥಮ. ಇಂಥವನು ಬಂದಿಳಿದರೆ ಪುಣೆ ಎದ್ದು ನಿಲ್ಲುತ್ತದೆ ಅಂದುಕೊಂಡಿದ್ದೆ. ಪುಣೆಗೆ ಆ ದಿನ ಬೇರೆ ಕೆಲಸವಿತ್ತು.

ಕಡೆಗೆ ನಿಗಡಿಯ 'ನಿರಾಶ್ರಿತ ವ್ಯಸನಮುಕ್ತರ ನಿವಾಸ'ಕ್ಕೆ ಮೇಲ್ವಿಚಾರಕನಾದೆ. ಬೀದಿಯಲ್ಲಿ ಮಲಗುತ್ತಿದ್ದ ಕುಡುಕರು ಕುಡಿತ ಬಿಟ್ಟು ಮತ್ತೆ ದುಡಿಮೆಗೆ ಹತ್ತುವ ತನಕ ಇರುವ ಮನೆ ಅದು. ಹತ್ತು ಮಂಚ. ಅಧ್ಯಕ್ಷರು ನಮ್ಮ ಕಡೆಯವರೇ, ಒಣಮೆಣಸಿನಕಾಯಿ ವ್ಯಾಪಾರಿ ಅಪ್ಪಾಸಾಹೇಬರು. ಉಪಾಧ್ಯಕ್ಷರು ಕರಾವಳಿಯ ಮಹಾಲಿಂಗ ಶೆಟ್ಟರು. ಆಕುರ್ಡಿಯಲ್ಲಿ ಹೋಟೆಲು, ಹೋಟೆಲಿನ ಬೆನ್ನಿಗೇ ಬಾರು ಇಟ್ಟವರು. ಕುಡುಕರ ವಿಷಯದಲ್ಲಿ ಅವರಷ್ಟು ಅನುಭವ ಸಮಿತಿಯಲ್ಲಿ ಇನ್ನೊಬ್ಬರಿಗಿರಲಿಲ್ಲ.

ನಿವಾಸದ ನಿಯಮಾವಳಿಯ ಮೂರನೇ ಕಲಮಿನ ಪ್ರಕಾರ ಕುಡಿದು ಬಂದವರಿಗೆ ಪ್ರವೇಶವಿಲ್ಲ. ನಾಲ್ಕನೇ ಕಲಮಿನ ಪ್ರಕಾರ, ಕುಡಿಯದೆ ಬಂದವರು ತಾವು ಕುಡುಕರೆಂಬುದಕ್ಕೆ ಲಿಖಿತ ಪುರಾವೆ ತರತಕ್ಕದ್ದು. ಪುರಾವೆಯನ್ನು ಶೆಟ್ಟರು ತಮ್ಮ ಬಾರಿನ ಮೊಹರು ಹಾಕಿ ಕೊಡುತ್ತಿದ್ದರು. ಫಕೀರಪ್ಪ ಎಂಬವನಿಗೆ ಮಾತ್ರ ತೊಡಕಾಯಿತು. ಅವನು ಭೋಸರಿಯ ಕಾರ್ಖಾನೆಯೊಂದರಲ್ಲಿ ಲೇಥ್ ಓಡಿಸಿದವನು. ಕೆಲಸ ಹೋಗಿ, ಹೆಂಡತಿ ಬಿಟ್ಟುಹೋಗಿ, ಎರಡು ವರ್ಷ ಅದೇ ಕಾರ್ಖಾನೆಯ ಗೋಡೆಯ ಪಕ್ಕದಲ್ಲಿ ಮಲಗಿದ್ದವನು. ಕುಡಿದದ್ದೆಲ್ಲ ಕಳ್ಳಭಟ್ಟಿ. ಬಾರಿನ ಒಳಗೆ ಕಾಲಿಟ್ಟವನಲ್ಲ. ಶೆಟ್ಟರು ಯೋಚಿಸಿ, "ಸದರಿಯವರು ನಮ್ಮ ಬಾರಿನ ಹೊರಗೆ ನಿಲ್ಲುತ್ತಿದ್ದರು" ಎಂದು ಬರೆದುಕೊಟ್ಟರು. ಸಮಿತಿ ಅದನ್ನು ಮಾನ್ಯ ಮಾಡಿತು.

ಐದನೇ ಕಲಮು ಪ್ರಮಾಣದ್ದು. ಎಲ್ಲ ನಿವಾಸಿಗಳು ಜೇಜುರಿಗೆ ಹೋಗಿ ಖಂಡೋಬನ ಪ್ರಸಾದವಾದ ಭಂಡಾರ ಮುಟ್ಟಿ ಕುಡಿತ ಬಿಡಬೇಕು. ಹತ್ತು ಜನ ಹೊರಡಬೇಕಿತ್ತು. ಹತ್ತನೆಯವನು ಬಸ್ಸಿಗೆ ಕುಡಿದೇ ಬಂದದ್ದರಿಂದ ಮೂರನೇ ಕಲಮಿನಂತೆ ಅವನನ್ನು ಅಲ್ಲೇ ಇಳಿಸಿದೆವು.

ಗುಡಿಯ ಮುಂದೆ ಒಂಬತ್ತು ಜನ ಸಾಲಾಗಿ ನಿಂತರು. ತಟ್ಟೆಯ ತುಂಬ ಅರಿಶಿನದ ಭಂಡಾರ.

"ಯಾರರೆ ಮೊದಲ ಬರ್ರೆಪಾ," ಅಂದರು ಅಪ್ಪಾಸಾಹೇಬರು, ತೆರೆದ ರಿಜಿಸ್ಟರಿನ ಮೇಲೆ ಪೆನ್ನು ಹಿಡಿದು.

ಯಾರೂ ಬರಲಿಲ್ಲ. ಭಂಡಾರ ಮುಟ್ಟಿ ಆಡಿದ ಮಾತು ಸುಳ್ಳಾದರೆ ಖಂಡೋಬನ ನಾಯಿ ಬೆನ್ನು ಹತ್ತುತ್ತದೆ ಎಂದು ನಮ್ಮ ಕಡೆ ಮಗುವಿಗೂ ಗೊತ್ತು. ಒಂಬತ್ತು ಜನ ಒಬ್ಬರ ಹಿಂದೊಬ್ಬರು ಸರಿದರು. ನನಗೆ ತಡೆಯಲಾಗಲಿಲ್ಲ. ಎಲ್ಲಿ ಯಾರೂ ಮುಂದೆ ಬರುವುದಿಲ್ಲವೋ ಅಲ್ಲಿ ಮುಂದೆ ಹೋಗಿ ನಿಲ್ಲುವುದು ನನ್ನ ಹುಟ್ಟುಗುಣ.

"ಹಿಂಗ ಇಡಬೇಕು ಕೈ. ನನ್ನ ನೋಡ್ರಿ," ಎಂದು ಕೈಯಿಟ್ಟು, ಅಚ್ಚು ಹಾಕಿಸಿದ ಪ್ರಮಾಣವನ್ನು ಪೂರ್ತಿ ಓದಿದೆ. "ನಾನು ಇಷ್ಟು ವರ್ಷ ಕುಡಿದು ಮನೆಮಾರು ಕಳೆದುಕೊಂಡೆನು. ಇಂದು ಭಂಡಾರ ಮುಟ್ಟಿ ಬಿಟ್ಟೆನು." 'ಕಳೆದುಕೊಂಡೆನು' ಎಂಬಲ್ಲಿ ದನಿಯನ್ನು ಸ್ವಲ್ಪ ನಡುಗಿಸಿದೆ. ದರ್ಶನಕ್ಕೆ ಬಂದಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೂಜಾರಿ ನನ್ನ ಹಣೆಗೆ ಭಂಡಾರ ಬಳಿದರು. ಯಳಕೋಟ ಯಳಕೋಟ ಜಯ ಮಲ್ಹಾರ ಎಂದು ಜನ ಕೂಗಿದರು. ಅಪ್ಪಾಸಾಹೇಬರು ಬರೆದುಕೊಂಡರು. ಆಮೇಲೆ ಒಂಬತ್ತು ಜನರೂ ಒಬ್ಬೊಬ್ಬರಾಗಿ ಬಂದು ಕೈಯಿಟ್ಟರು.

ಏನು ಬರೆದುಕೊಂಡರು ಎಂಬುದು ಮರಳುವ ಬಸ್ಸಿನಲ್ಲಿ ತಿಳಿಯಿತು. ವ್ಯಸನಿಗಳ ಪಟ್ಟಿಯಲ್ಲಿ ಒಂದನೇ ನಂಬರು ನಾನು.

"ಅಧ್ಯಕ್ಷರ, ಇದು ತಪ್ಪಾಗೇದ್ರಿ. ನಾ ಬರೇ ತೋರಸಲಿಕ್ಕೆ ಅಂದದ್ದು."

"ಯಾರಿಗೆ ತೋರಿಸಿದಿ?"

"ಈ ಒಂಬತ್ತು ಮಂದಿಗೆ."

"ಆವಾಗ ದೇವ್ರು ಕಣ್ಣ ಮುಚ್ಚಿಕೊಂಡಿದ್ದನೇನು?"

ಮುಂದಿನ ಸೀಟಿನಿಂದ ಶೆಟ್ಟರು ತಿರುಗಿದರು. "ನೋಡು ಮಾರಾಯ, ಕುಡಿದಿದ್ದೆ ಅಂತ ದೇವರ ಎದುರು ನೀನೇ ಹೇಳಿದ್ದು. ಈಗ ಕುಡಿಯಲೇ ಇಲ್ಲ ಅಂದ್ರೆ ಸುಳ್ಳು ಪ್ರಮಾಣ ಆಗ್ತದೆ. ಆ ನಾಯಿಯ ವಿಷಯ ನಿನಗೇ ಗೊತ್ತುಂಟಲ್ಲ."

ಮರುದಿನ ನಾಲ್ಕನೇ ಕಲಮಿನ ಪುರಾವೆಯನ್ನೂ ಅವರೇ ಕೊಟ್ಟರು: "ಸದರಿ ಮಾಂತು ನಮ್ಮ ಬಾರಿಗೆ ದಿನಕ್ಕೆ ಎರಡು ಸಲ ತಪ್ಪದೆ ಬರುತ್ತಿದ್ದರು." ಸುಳ್ಳೆನ್ನುವಂತಿಲ್ಲ. ನಿವಾಸದ ಊಟದ ಡಬ್ಬಿ ತರಲು ಬಾರಿನ ಬಾಗಿಲಿನಿಂದಲೇ ಹೋಗಬೇಕಿತ್ತು.

ಸಮಾಜ ಕಲ್ಯಾಣ ಇಲಾಖೆಯಿಂದ ಮಾಧುರಿ ಮೇಡಂ ತಪಾಸಣೆಗೆ ಬಂದರು. ಹತ್ತು ನಿವಾಸಿಗಳಿದ್ದರೆ ಮಾನ್ಯತೆ. ಒಬ್ಬ ಕಡಿಮೆಯಾದರೂ ಮನೆಗೆ ಬೀಗ. ಒಂಬತ್ತು ಜನ ತಮ್ಮ ತಮ್ಮ ಕುಡಿತವನ್ನು ತಲೆತಗ್ಗಿಸಿ ಹೇಳಿಕೊಂಡರು. ಎಲ್ಲರ ಮುಂದೆಯೂ ಅವರು 'ಸುಧಾರಣೆ' ಎಂದು ಬರೆದರು. ನನ್ನ ಸರದಿ ಬಂತು.

"ಎಷ್ಟು ವರ್ಷ ಕುಡಿದ್ರಿ?" ಎಂದು ಮರಾಠಿಯಲ್ಲಿ ಕೇಳಿದರು.

"ನಾನು ಕುಡಿದೇ ಇಲ್ಲ ಮೇಡಂ."

ಅವರು ಮರುಕದಿಂದ ನಕ್ಕರು. "ಒಂದು ಗುಟುಕೂ ಇಲ್ವಾ?"

"ವಾಸನೆ ಸಹ ಗೊತ್ತಿರಲಿಲ್ಲ."

ಅವರು ಬರೆದರು: "ನಂ. 1. ವ್ಯಸನವನ್ನು ಒಪ್ಪಿಕೊಳ್ಳುತ್ತಿಲ್ಲ. ಮೊದಲನೇ ಹಂತ. ಸ್ಥಿತಿ ಗಂಭೀರ. ಒಂದು ವರ್ಷ ನಿವಾಸ ಬಿಡಕೂಡದು." ಜನ್ಮದಲ್ಲಿ ಮೊದಲ ಸಲ ನಾನು ತರಗತಿಗೆ ಕಡೆಯವನಾದೆ.

ಏಳನೇ ಕಲಮಿನಂತೆ ಪ್ರತಿ ಸಂಜೆ ನಿವಾಸಿಗಳು ಮೇಲ್ವಿಚಾರಕನ ಮುಖಕ್ಕೆ ಉಸಿರು ಬಿಡಬೇಕು. ಅವನು ಮೂಸಿ ರಿಜಿಸ್ಟರಿನಲ್ಲಿ ಬರೆಯಬೇಕು. ತನ್ನ ಉಸಿರನ್ನು ತಾನೇ ಮೂಸಿಕೊಳ್ಳುವುದು ಕ್ರಮಬದ್ಧವಲ್ಲವಾದ್ದರಿಂದ ನನ್ನನ್ನು ಮೂಸುವ ಅಧಿಕಾರವನ್ನು ಫಕೀರಪ್ಪನಿಗೆ ಕೊಡಲಾಯಿತು.

ನನಗಿದ್ದ ಸಂಕಟ ಬೇರೆ. ಆಕುರ್ಡಿಯಲ್ಲಿ ಗುಮಾಸ್ತರಾಗಿದ್ದ ನಿಜಲಿಂಗಪ್ಪನವರ ಮಗಳು ರೇಣುವಿನೊಂದಿಗೆ ನನ್ನ ಲಗ್ನದ ಮಾತು ನಡೆದಿತ್ತು. ಅವರದು ಒಂದೇ ಷರತ್ತು: ಹುಡುಗ ಕುಡಿಯಬಾರದು. ನಾನು ವ್ಯಸನಿಗಳ ಪಟ್ಟಿಯಿಂದ ನನ್ನ ಹೆಸರು ತೆಗೆಯಲು ಕೋರಿ ಇಲಾಖೆಗೆ ಮೂರು ಪ್ರತಿಯಲ್ಲಿ ಅರ್ಜಿ ಬರೆದೆ. ಆ ಸಂಜೆ ಫಕೀರಪ್ಪ ನನ್ನನ್ನು ಮೂಸಿ, ಬರೆದು, ಅಲ್ಲೇ ನಿಂತ.

"ಅರ್ಜಿ ಯಾವಾಗ ಹೋಗ್ತದ್ರಿ ಸರ?"

"ನಾಳೆ."

"ಹಂಗಾರ ಹಾಸಿಗಿ ಇವತ್ತ ಸುತ್ತಿಡ್ತೀನಿ."

"ಎಲ್ಲಿ ಹೋಗ್ತಿ?"

"ಆ ಕಾರ್ಖಾನಿ ಗ್ವಾಡಿ ಅದಲ್ರಿ. ಆದ್ರ ಅಲ್ಲಿ ಕುಡೀದ ನಿದ್ದಿ ಬರಂಗಿಲ್ರಿ. ರಾತ್ರಿ ಪಾಳಿ ಮಶೀನು ಒಳಗ ತಿರಗತಿರ್ತದ. ನಂದ ಮಶೀನು. ಸಪ್ಪಳದ ಮ್ಯಾಲೆ ಗುರ್ತ ಹಿಡೀತೀನಿ."

ಅರ್ಜಿಯನ್ನು ನಾನು ಕಳಿಸಲಿಲ್ಲ. ಒಂಬತ್ತು ಬಡವರಿಗಾಗಿ ಒಬ್ಬ ವಿದ್ಯಾವಂತ ತನ್ನ ಮಾನವನ್ನೂ ಮದುವೆಯನ್ನೂ ಪಣಕ್ಕಿಟ್ಟ ಎಂದು ಬರೆಯಬಹುದು; ನಾನು ಡೈರಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ. ಆ ವಾರ ಒಂದು ಕರಿನಾಯಿ ಮೂರು ದಿನ ನನ್ನ ಹಿಂದೆ ನಿಗಡಿಯ ಬಸ್ ಸ್ಟಾಪಿನ ತನಕ ಬಂದದ್ದಕ್ಕೂ ಈ ತ್ಯಾಗಕ್ಕೂ ಸಂಬಂಧವಿಲ್ಲ. ಲಗ್ನದ ಮಾತನ್ನು, ಕೆಲಸ ಖಾಯಂ ಆಗಲಿ ಎಂಬ ನೆವ ಹೇಳಿ, ಒಂದು ವರ್ಷ ಮುಂದೂಡಿದೆ.

ಕುಡುಕನೆಂದು ಒಪ್ಪಿಕೊಂಡ ಮೇಲೆ ಅದರಲ್ಲೂ ಎರಡನೆಯವನಾಗಿರಲು ನನ್ನಿಂದಾಗಲಿಲ್ಲ. ನನಗೆ ಕುಡಿತದ ಅನುಭವ ಇರಲಿಲ್ಲವಾದ್ದರಿಂದ ಫಕೀರಪ್ಪನದನ್ನು ಕಡ ತಂದೆ. ನಿವಾಸದ ವಾರ್ಷಿಕೋತ್ಸವದಲ್ಲಿ ಸಾಕ್ಷ್ಯ ಹೇಳಲು ನಿಂತಾಗ ಲೇಥ್, ಗೋಡೆ, ಕಳ್ಳಭಟ್ಟಿ ಎಲ್ಲ ನನ್ನವೇ ಆದವು. ಹೆಂಡತಿ ಟ್ರಂಕು ಹೊತ್ತು ಹೊರಟ ಪ್ರಸಂಗಕ್ಕೆ ಇಡೀ ಸಭೆ ಮೂಗು ಸೇದಿತು. ಇಳಿದು ಬಂದಾಗ ಫಕೀರಪ್ಪನ ಕಣ್ಣೂ ಒದ್ದೆಯಾಗಿತ್ತು.

"ನನ್ನ ಕಥಿ ನನಗಿಂತ ಛಂದ ಹೇಳ್ತೀರಿ ಸರ. ಆಕಿ ಟ್ರಂಕ್ ಮಾತ್ರ ಒಯ್ದಿದ್ದಿಲ್ರಿ. ಬರೇ ಕೈಲೆ ಹೋದ್ಲು."

ಮೂರನೇ ಸಾಲಿನಲ್ಲಿ ನಿಜಲಿಂಗಪ್ಪನವರು ಕೂತಿದ್ದರು.

ಮರುದಿನ ಅವರು ನಿವಾಸಕ್ಕೆ ಬಂದು, ನನ್ನ ಕಾಗದಗಳನ್ನೆಲ್ಲ ತರಿಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ಓದಿದರು. ಬಾರಿನ ಪ್ರಮಾಣಪತ್ರ, ಜೇಜುರಿಯ ಪ್ರಮಾಣ, ಇಲಾಖೆಯ ವರದಿ, ಒಂದು ದಿನವೂ ತಪ್ಪದ ಉಸಿರಿನ ರಿಜಿಸ್ಟರು. ನಾನು ಎದ್ದು ನಿಂತೆ.

"ಮಾವಾರ, ಖರೇ ಹೇಳ್ತೀನಿ. ನಾ ಎಂದೂ ಕುಡಿದಿಲ್ಲ."

ಅವರು ಫಕೀರಪ್ಪನ ಕಡೆ ನೋಡಿದರು.

"ನಡುನಡುವ ಹಿಂಗ ಅಂತಾರ್ರಿ," ಅಂದ ಅವನು ದನಿ ತಗ್ಗಿಸಿ. "ಮೊದಲನೇ ಹಂತದ್ದು. ಗಾಬರಿ ಆಗಬ್ಯಾಡ್ರಿ."

"ಮತ್ತ ಆ ಮೊದಲನೇ ಹೇಂತಿ?"

"ಆಕಿ ನನ್ನ ಹೇಂತಿರಿ."

"ಅಷ್ಟಾದ್ರ ಆತು." ನಿಜಲಿಂಗಪ್ಪನವರು ಕಾಗದಗಳನ್ನು ಜೋಡಿಸಿ ಎದೆಗೊತ್ತಿಕೊಂಡರು. "ಏಳು ವರ ನೋಡೀನಿ. ಏಳೂ ಮಂದಿ ಕುಡಿಯಂಗಿಲ್ಲ ಅಂದ್ರು. ಬರದು ಕೊಡ್ರಿ ಅಂದ್ರ ಒಬ್ಬರೂ ಕೊಡಲಿಲ್ಲ. ಈ ಹುಡುಗಂದು ಸರಕಾರಿ ಮೊಹರಿನ್ಯಾಗ ಅದ."

ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಬಿ.ಎ., ವ್ಯಸನಮುಕ್ತ (ನಂ. 1)' ಎಂದು ಅಚ್ಚಾಯಿತು. ಊಟ ಶೆಟ್ಟರ ಹೋಟೆಲಿನದು. ಒಂಬತ್ತು ಜನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಡಿಸಿದರು. ಸಂಜೆ ಆರಕ್ಕೆ ಸರಿಯಾಗಿ ಫಕೀರಪ್ಪ ರಿಜಿಸ್ಟರು ಹಿಡಿದು ಮಂಟಪಕ್ಕೆ ಬಂದ. ಬಾಸಿಂಗ ಸರಿಸಿ, ಅವನ ಮುಖಕ್ಕೆ ಉಸಿರು ಬಿಟ್ಟೆ. ಅವನು ಕಣ್ಣು ಮುಚ್ಚಿ ಮೂಸಿ, "ಇಲ್ರಿ," ಎಂದು ಸಭೆಗೆ ಹೇಳಿ, ಬರೆದ. ಜನ ಚಪ್ಪಾಳೆ ತಟ್ಟಿದರು. ನಮ್ಮವ್ವನೂ ತಟ್ಟಿ, ಇಷ್ಟು ದಿನ ಮಗ ಕುಡಿಯುತ್ತಿದ್ದದ್ದು ತನಗೇ ತಿಳಿದಿರಲಿಲ್ಲವಲ್ಲ ಎಂದು ಪಕ್ಕದವಳ ಮುಂದೆ ಅತ್ತಳು.

ರೇಣು ಅಕ್ಕಿಕಾಳು ಮೆತ್ತಿದ ಕೈ ಚಾಚಿದಳು.

"ಕಾಕಾ, ನಾಳಿಂದ ಆ ರಿಜಿಸ್ಟರು ನನ್ನ ಕಡೆ ಕೊಡ್ರಿ."

ಫಕೀರಪ್ಪ ಎಲ್ಲಿ ಸಹಿ ಮಾಡಬೇಕೆಂದು ಅವಳಿಗೆ ತೋರಿಸಿಕೊಟ್ಟು, ಕಡೆಯ ಬಸ್ಸಿಗೆ ಮುಂಚೆಯೇ ನಿವಾಸಕ್ಕೆ ಹೋಗಿ ತನ್ನ ಮಂಚದ ಮೇಲೆ ಮಲಗಿದ. ಒಂದನೇ ನಂಬರಿನ ಮಂಚ ಇಂದಿಗೂ ನನ್ನ ಹೆಸರಿನಲ್ಲಿಯೇ ಇದೆ.