ಎರಡು ಚೀಟಿಯ ಗುಳಿಗೆಗಳು

ನನ್ನದು ಸಂಶಯದ ಸ್ವಭಾವ, ಒಪ್ಪಿಕೊಂಡೇ ಮುಂದುವರಿಯುತ್ತೇನೆ. ಬೆರಳದ್ದಿ ನೋಡದೆ ಹಾಲು ಹಾಕಿಸಿಕೊಂಡವನಲ್ಲ. ಟಿಕೋಟಾಕ್ಕೆ ಹೆಣ್ಣು ನೋಡಲು ಹೋದಾಗ ಅವರು ಕೊಟ್ಟ ಚಹಾ ತೀರ ಸಿಹಿಯಾಗಿತ್ತು. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡಿದ್ದೆ. ಮುಚ್ಚಿಟ್ಟವನು ನಾನೇ, ಈ ಸ್ವಭಾವವನ್ನು, ಎಂದು ಹೆಂಡತಿ ಶಾಂತಾ ಈಗಲೂ ಅನ್ನುತ್ತಾಳೆ.

ನಾನು ವಿಜಾಪುರದಲ್ಲಿ ಗುಮಾಸ್ತನಾಗಿದ್ದ ಕಾಲ. ನಿಡೋಣಿಯಿಂದ ಅವ್ವ ಬಂದಿದ್ದಳು. ಮೈ ತುರಿಕೆಗೆಂದು ಬಬಲೇಶ್ವರದ ಡಾಕ್ಟರರು ಗುಳಿಗೆ ಬರೆದುಕೊಟ್ಟಿದ್ದರು. ಮೂರು ದಿನದಿಂದ ನಿದ್ದೆಯಿಲ್ಲ ಎಂದಳೆಂದು ಇಲ್ಲಿಯ ಡಾಕ್ಟರರಿಗೆ ತೋರಿಸಿದೆ. ಅವರೂ ಒಂದು ಗುಳಿಗೆ ಬರೆದರು. ಮೊದಲಿನ ಚೀಟಿಯ ಸುದ್ದಿ ನಾನು ಎತ್ತಲಿಲ್ಲ. ಎತ್ತಿದರೆ ಆ ಡಾಕ್ಟರರ ಮೇಲಿನ ಹಟಕ್ಕೆ ಇವರು ಔಷಧ ಬದಲಿಸುತ್ತಾರೆಂಬ ಸಂಶಯ.

ಔಷಧ ಅಂಗಡಿಯ ಮಲ್ಲಪ್ಪನವರು ಎರಡೂ ಚೀಟಿಗಳನ್ನು ಓದಿ, ಕನ್ನಡಕದ ಮೇಲಿಂದ ನೋಡಿದರು.

“ಇವೆರಡೂ ಒಬ್ಬರಿಗೇನ್ರಿ?”

“ಹೌದ್ರಿ, ನಮ್ಮವ್ವಗ. ಯಾಕ್ರಿ?”

“ಕೂಡಿಸಿ ಕೊಡಬ್ಯಾಡ್ರಿ. ಎರಡಕ್ಕೂ ಮಂಪರ ಬರತೈತಿ. ವಯಸ್ಸಾದವರು, ಎಚ್ಚರ ತಪ್ಪಿದ್ರ? ಡಾಕ್ಟರನ್ನ ಕೇಳಿ ಬರ್ರಿ, ಆಮ್ಯಾಲ ಕೊಡತೇನಿ.”

ಕೈಗೆ ಬಂದ ಗಿರಾಕಿಯನ್ನು ಯಾವ ವ್ಯಾಪಾರಿ ತಾನೇ ವಾಪಸು ಕಳಿಸುತ್ತಾನೆ? ಮಾಲು ಮುಗಿದಿರಬೇಕು, ಮರ್ಯಾದೆ ಉಳಿಸಿಕೊಳ್ಳಲು ಈ ವೈದ್ಯಶಾಸ್ತ್ರ! ಚೀಟಿ ಕಸಿದುಕೊಂಡು ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿಯವನು ತುಟಿ ಬಿಚ್ಚದೆ ಎರಡನ್ನೂ ಕಟ್ಟಿಕೊಟ್ಟ. ಎಂಥ ಸಭ್ಯ ಮನುಷ್ಯ ಎನ್ನಿಸಿತು.

ಮಧ್ಯಾಹ್ನ ಊಟವಾದೊಡನೆ ಅವ್ವನಿಗೆ ಎರಡನ್ನೂ ನಾನೇ ನುಂಗಿಸಿದೆ. ಚಹಾದ ಹೊತ್ತಿಗೆ ಶಾಂತಾ ಕೂಗಿದಳು: “ಇಲ್ಲಿ ಬರ್ರಿ, ಅತ್ತಿ ಎಷ್ಟು ಅಲುಗಿಸಿದ್ರೂ ಏಳವಲ್ಲರು!” ಇಲ್ಲಿಯ ಡಾಕ್ಟರರ ದವಾಖಾನೆಗೆ ಹೋಗುವ ಟಾಂಗಾದಲ್ಲಿ ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಮೂಗಿನ ಬಳಿ ಬೆರಳು ಹಿಡಿದೇ ಕುಳಿತಿದ್ದೆ. ಒಂದು ಉಸಿರು ಹೋಗಿ ಇನ್ನೊಂದು ಬರುವಷ್ಟರಲ್ಲಿ ನನ್ನ ಉಸಿರು ನಿಲ್ಲುತ್ತಿತ್ತು.

ಡಾಕ್ಟರರು ಎರಡೂ ಪೊಟ್ಟಣ ನೋಡಿ ಸಿಡಿಮಿಡಿಗೊಂಡರು. “ಕೂಡಿಸಿ ಕೊಟ್ಟೀರೇನು? ಅಂಗಡ್ಯಾಗ ಯಾರೂ ಹೇಳಲಿಲ್ಲೇನ್ರಿ?”

“ಇದನ್ನ ತಗೊಂಡ ಅಂಗಡ್ಯಾಗ ಹೇಳಲಿಲ್ರಿ,” ಎಂದೆ. ಅದು ಸುಳ್ಳಲ್ಲ. ಪಕ್ಕದಲ್ಲೇ ನಿಂತಿದ್ದ ಶಾಂತಾಳಿಗೆ ಮಲ್ಲಪ್ಪನವರ ಕಥೆಯನ್ನು ಮಧ್ಯಾಹ್ನ ನಾನೇ ನಗುತ್ತ ಹೇಳಿದ್ದೆ. ಅವಳು ನನ್ನನ್ನು ನೋಡಿದಳು. ನಾನು ಗೋಡೆಯನ್ನು ನೋಡಿದೆ.

ಮರುದಿನ ಬೆಳಗ್ಗೆ ದವಾಖಾನೆಯಲ್ಲೇ ಅವ್ವ ಕಣ್ಣು ತೆರೆದಳು. “ಯಪ್ಪಾ, ಯಾಕ ಹಂಗ ನೋಡಾಕತ್ತಿ? ಛಲೋ ನಿದ್ದಿ ಬಂತು ನೋಡು!” ಎಂದಳು. ನಾನು ಹೊರಗೆ ಹೋಗಿ ಅತ್ತೆ.

ಕಣ್ಣೊರೆಸಿಕೊಂಡ ಮೇಲೆ ನನ್ನೊಳಗಿನ ಗುಮಾಸ್ತ ಎಚ್ಚತ್ತ. ಕೂಡಿಸಿ ತೆಗೆದುಕೊಂಡರೆ ಅಪಾಯವಾಗುವ ಔಷಧಗಳ ಬಗ್ಗೆ ಪ್ರತಿಯೊಬ್ಬ ಅಂಗಡಿಯವನೂ ರೋಗಿಗೆ ಎಚ್ಚರಿಕೆ ಹೇಳಲೇಬೇಕು, ಅಂಥ ಕಾಯ್ದೆ ಆಗಬೇಕು ಎಂದು ಸರಕಾರಕ್ಕೆ ಅರ್ಜಿ ಬರೆದೆ. ಮೊದಲ ಸಹಿಗೆ ಮಲ್ಲಪ್ಪನವರ ಹತ್ತಿರವೇ ಹೋಗಿ, ನಡೆದುದನ್ನೆಲ್ಲ ಒಪ್ಪಿಕೊಂಡೆ. ಅವರು ಮೊದಲು ಅವ್ವನ ಆರೋಗ್ಯ ಕೇಳಿದರು. ಆಮೇಲೆ ಅರ್ಜಿಯನ್ನು ಪೂರ್ತಿ ಓದಿ ಸಹಿ ಮಾಡಿದರು.

“ಛಲೋ ಬರದೀರಿ ಸಾಹೇಬ್ರ. ಹೇಳೂದಕ್ಕ ಕಾಯ್ದೆ ಆತು. ಕೇಳೂದಕ್ಕೂ ಒಂದು ಕಲಮು ಸೇರಿಸ್ರಿ.”

ಆ ಕಲಮನ್ನು ನಾನು ಸೇರಿಸಲಿಲ್ಲ. ಅದು ಜಾರಿಗೆ ಬಂದರೆ ಮೊದಲ ಆರೋಪಿ ಯಾರಾಗುತ್ತಾನೆ ಎಂಬುದರಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇರಲಿಲ್ಲ.