ಅಕ್ಕನ ಭಜ್ಜಿ ಮತ್ತು ನನ್ನ ಜಠರ

ಪಾಠ ಹೇಳುವವನಿಗೆ ಆ ಪಾಠ ಅನ್ವಯಿಸುವುದಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಹುಮನಾಬಾದಿನ ಶಾಲೆಯಲ್ಲಿ ಮಕ್ಕಳಿಗೆ ಜೀರ್ಣಾಂಗಗಳ ಪಾಠ ಮಾಡುವವನು ನಾನೇ. ಬಾಯಲ್ಲಿ ಅಗಿದದ್ದು ಅನ್ನನಾಳದಲ್ಲಿ ಇಳಿದು ಜಠರಕ್ಕೆ ಬೀಳುತ್ತದೆ, ಅಲ್ಲಿ ಆಮ್ಲದೊಡನೆ ಬೆರೆತು ಗಂಜಿಯಂತಾಗುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಸರಿಯುತ್ತದೆ, ಇದಕ್ಕೆಲ್ಲ ತಾಸುಗಟ್ಟಲೆ ಬೇಕು ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಜಠರದ ಚಿತ್ರ ಬರೆಯುವುದರಲ್ಲಿ ನನ್ನದು ಎತ್ತಿದ ಕೈ. ಅದನ್ನು ತುಂಬುವುದರಲ್ಲೂ.

ಈ ಸಲದ ಎಳ್ಳಮಾವಾಸ್ಯೆಗೆ ರಾಜೇಶ್ವರ ಊರಿನಲ್ಲಿರುವ ಅಕ್ಕ ಹೊಲಕ್ಕೆ ಕರೆದಿದ್ದಳು. ನಮ್ಮ ಕಡೆ ಆ ದಿನ ಎಲ್ಲರ ಊಟವೂ ಹೊಲದಲ್ಲೇ. ಕಾಳು, ಸೊಪ್ಪು, ಕಾಯಿಪಲ್ಯೆ ಎಲ್ಲ ಸೇರಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆ ತುಂಬ ಅಂಬಲಿ. ಅವತ್ತು ನಾನೂ ಅಕ್ಕನೂ ಒಂದೇ ಗಂಗಾಳದಲ್ಲಿ ಉಣ್ಣುವುದು ಚಿಕ್ಕಂದಿನಿಂದ ಬಂದ ರೂಢಿ. ಆದರೆ ಕರೆದವರ ಹೊಲಕ್ಕೆ ಹೋಗದಿದ್ದರೆ ವರ್ಷವಿಡೀ ಮಾತು ಕೇಳಬೇಕಲ್ಲ, ಹಾಗಾಗಿ ಮೊದಲು ದುಬಲಗುಂಡಿಯ ಸಹೋದ್ಯೋಗಿಯ ಹೊಲಕ್ಕೆ ಮುಖ ತೋರಿಸಲು ಹೋದೆ. ಮುಖದಲ್ಲಿ ಬಾಯಿಯೂ ಇರುತ್ತದೆ ಎಂಬುದನ್ನು ಮರೆತಿದ್ದೆ. "ಇನ್ನೊಂದು ರೊಟ್ಟಿ ಹಾಕ್ಕೋರಿ ಸರ್, ಅಕ್ಕನ ಹೊಲ ಎಲ್ಲಿ ಓಡಿ ಹೋಗ್ತದ?" ಎಂದರು ಅವರು. ನನಗೂ ಅದು ಸರಿಯೆನ್ನಿಸಿತು.

ರಾಜೇಶ್ವರ ಮುಟ್ಟುವಾಗ ಹೊತ್ತು ಇಳಿದಿತ್ತು. ಉಳಿದವರೆಲ್ಲ ಉಂಡು ಬೇವಿನ ಗಿಡದ ನೆರಳಲ್ಲಿ ಅಡ್ಡಾಗಿದ್ದರು. ಅಕ್ಕ ಒಬ್ಬಳೇ ಗಂಗಾಳ ಮುಂದಿಟ್ಟುಕೊಂಡು ಕಾದಿದ್ದಳು. ದುಬಲಗುಂಡಿಯ ರೊಟ್ಟಿಗಳು ಹೊಟ್ಟೆಯಲ್ಲಿ ಇನ್ನೂ ಹಾಗೇ ಇದ್ದವು, ಮೊದಲ ತುತ್ತೇ ಒಳಗೆ ಇಳಿಯಲಿಲ್ಲ. ಗಾಬರಿಯಲ್ಲಿ, ಜಠರ ಖಾಲಿಯಾಗಲು ಎಷ್ಟು ಹೊತ್ತು ಬೇಕೆಂದು ವಿವರಿಸತೊಡಗಿದೆ.

"ಆ ಪಾಠ ನಿನ್ನ ಸಾಲ್ಯಾಗ ಹೇಳು," ಎಂದಳು ಅಕ್ಕ. "ನನ್ನ ಹೊಟ್ಟಿ ಮುಂಜಾನಿಂದ ಖಾಲಿ ಅದ. ತಮ್ಮ ಬರ್ತಾನ, ಕೂಡಿ ಉಣ್ಣಬೇಕಂತ ಕುಂತಿದ್ದೆ."

ಆಮೇಲೆ ತಾನು ಒಂದಿಷ್ಟು ಅಂಬಲಿ ಕುಡಿದು, ಗಂಗಾಳದಲ್ಲಿದ್ದುದನ್ನೆಲ್ಲ ಡಬ್ಬಿಗೆ ತುಂಬಿ ನನ್ನ ಕೈಗಿತ್ತಳು. ಬೈದಿದ್ದರೆ ಚೆನ್ನಾಗಿತ್ತು.

ಬಸವಕಲ್ಯಾಣದಿಂದ ಬಂದ ಬಸ್ಸು ಹತ್ತಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಅಕ್ಕನ ಮುಖವೇ ಕಣ್ಣ ಮುಂದೆ ಬಂದು ಸಂಕಟವಾಯಿತು. ಆದರೆ ಜಠರಕ್ಕೆ ನಾಚಿಕೆ ಎಲ್ಲಿಯದು? ಹುಮನಾಬಾದಿಗೆ ಬಂದು ಮನೆ ಸೇರಿ ಸ್ವಲ್ಪ ಹೊತ್ತಿಗೆ, ಪಾಠದಲ್ಲಿ ಹೇಳಿದ ಹಾಗೆಯೇ, ಅದು ಖಾಲಿಯಾಗಿ ಗುರುಗುಟ್ಟಿತು. ಡಬ್ಬಿ ಬಿಚ್ಚಿದೆ. ತಣ್ಣಗಾಗಿದ್ದರೂ ಭಜ್ಜಿ ರುಚಿಯಾಗಿಯೇ ಇತ್ತು. ಇನ್ನೊಂದು ರೊಟ್ಟಿ ಹಾಕ್ಕೋ ಎಂದು ಯಾರೂ ಹೇಳಲಿಲ್ಲ, ನಾನೇ ಹಾಕಿಕೊಂಡೆ.